ಹೆಸರು ಹೇಳಿದವರು ಉಳಿಸಿಕೊಟ್ಟ ಚರಿತ್ರೆ



ಕಾಲೇಜಿನ ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ 'ಆಕರ ಗ್ರಂಥಗಳು' ಎಂದು ಬರೆದು ನಾಲ್ಕು ಪುಸ್ತಕಗಳ ಹೆಸರು ಸೇರಿಸುವುದು ನಮ್ಮಲ್ಲಿ ಹಲವರಿಗೆ ಬರೀ ಕಾಟಾಚಾರ. ಮಾರ್ಕಿಗಾಗಿ ಪಾಲಿಸುವ, ಹೊರಗಿನಿಂದ ಬಂದ ನಿಯಮ ಎಂಬ ಭಾವನೆ. ಆದರೆ ಆಧಾರ ಹೇಳುವ ಪದ್ಧತಿಗೆ ಕನ್ನಡದಲ್ಲೇ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಕನ್ನಡನಾಡಿನ ಎಲ್ಲೆಯನ್ನು ಹೇಳಿದ 'ಕವಿರಾಜಮಾರ್ಗ' ಎಲ್ಲರಿಗೂ ಗೊತ್ತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ಹುಟ್ಟಿದ ಈ ಗ್ರಂಥ ತನಗಿಂತ ಹಿಂದಿನ ಗದ್ಯಕಾರರನ್ನು ಹೆಸರಿಸುತ್ತದೆ: ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಇವರ ಕನ್ನಡ ಗದ್ಯ ಇಂದು ನಮ್ಮ ಕೈಯಲ್ಲಿಲ್ಲ. ಆದರೂ ಅದಕ್ಕೂ ಮೊದಲೇ ಕನ್ನಡದಲ್ಲಿ ಗದ್ಯವಿತ್ತೆಂದು ನಾವು ಧೈರ್ಯವಾಗಿ ಹೇಳಬಹುದು. ಒಬ್ಬರು ಹೆಸರು ಬರೆದಿಟ್ಟದ್ದೇ ಅದಕ್ಕೆ ಸಾಕ್ಷಿ.

13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಎಂಬ ವ್ಯಾಕರಣ ಬರೆದ ಕೇಶಿರಾಜನೂ ತನಗೆ ಆಧಾರವಾದ ಕವಿಗಳ ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ ಪಂಪ, ಪೊನ್ನರಿದ್ದಾರೆ. ಕಾವ್ಯವೇ ಸಿಗದ ಗಜಗ, ಗುಣನಂದಿಯರೂ ಇದ್ದಾರೆ. ಆದರೆ ಒಳಗೆ ಕೊಟ್ಟ ಉದಾಹರಣೆಗಳಲ್ಲಿ ಹೆಚ್ಚಿನವು ಯಾರವು ಎಂದು ಅವನು ಗುರುತು ಹಾಕಿಲ್ಲ. ಆ ಕಾಲದ ಓದುಗರಿಗೆ ಅದು ತಾನಾಗಿಯೇ ತಿಳಿಯುತ್ತಿದ್ದಿರಬೇಕು. ಮುಂದಿನ ವಿದ್ವಾಂಸರು ಮಾತ್ರ ಒಂದೊಂದು ಸಾಲಿನ ಮೂಲವನ್ನೂ ಹುಡುಕಬೇಕಾಯಿತು. ಕೊನೆಯಲ್ಲಿ ಪಟ್ಟಿ ಕೊಟ್ಟರೆ ಸಾಲದು, ಯಾವ ಮಾತು ಎಲ್ಲಿಂದ ಬಂತೆಂದು ಅಲ್ಲಲ್ಲೇ ಹೇಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಇದೇ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಜರ್ಮನಿಯಿಂದ ಬಂದ ಅವರು, 1894ರಲ್ಲಿ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದರ ಯಾವುದೇ ಪುಟ ತೆರೆದು ನೋಡಿ. ಅರ್ಥದ ಪಕ್ಕದಲ್ಲೇ ಕಂಸದೊಳಗೆ ಚಿಕ್ಕ ಚಿಕ್ಕ ಸಂಕೇತಗಳು. ಒಂದು 'ಶಬ್ದಮಣಿದರ್ಪಣ'ಕ್ಕೆ, ಒಂದು 'ಬಸವಪುರಾಣ'ಕ್ಕೆ, ಇನ್ನೊಂದು ಗಾದೆಗೆ. ಮೈಸೂರು ಕಡೆಯ ಬಳಕೆಗೊಂದು ಗುರುತು, ದಕ್ಷಿಣ ಮರಾಠಾ ಸೀಮೆಯ ಬಳಕೆಗೆ ಮತ್ತೊಂದು. 1832ರಲ್ಲೇ ಕನ್ನಡ ನಿಘಂಟು ಹೊರತಂದಿದ್ದ ವಿಲಿಯಂ ರೀವ್ ಅವರಿಂದ ತೆಗೆದುಕೊಂಡ ಕಡೆ ರೀವ್ ಅವರ ಗುರುತೂ ಇದೆ.

ಇದರಿಂದಾದ ಲಾಭವೇನು? ಕಿಟೆಲ್ ಹೇಳಿದ ಅರ್ಥ ಸರಿಯೋ ತಪ್ಪೋ ಎಂದು ಮೂಲಕ್ಕೇ ಹೋಗಿ ನೋಡಬಹುದು. ಅವರ ಕಾಲಾನಂತರವೂ ಕೆಲಸ ನಿಲ್ಲಲಿಲ್ಲ. ಎಂ. ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿದರು. ಮದ್ರಾಸ್ ವಿಶ್ವವಿದ್ಯಾಲಯ ಅದನ್ನು 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಆಧಾರ ಹೇಳುವವನು ಮುಂದಿನವರಿಗೆ ತನ್ನನ್ನು ತಿದ್ದುವ ಹಕ್ಕನ್ನೂ ಕೊಟ್ಟು ಹೋಗುತ್ತಾನೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಇನ್ನೂ ಹತ್ತಿರದ ಮಾತು. ನಮ್ಮ ಊರು, ಮನೆತನ, ಧರ್ಮಕೇಂದ್ರಗಳ ಚರಿತ್ರೆ ದೊಡ್ಡ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಅದು ಹಬ್ಬದ ಸ್ಮರಣ ಸಂಚಿಕೆಗಳಲ್ಲಿ, ಜ್ಞಾನಸ್ನಾನದ ದಾಖಲೆ ಪುಸ್ತಕಗಳಲ್ಲಿ, ಹಿರಿಯರ ಬಾಯಲ್ಲಿ ಉಳಿದಿದೆ. ಅದನ್ನು ಬರೆಯುವಾಗ 'ಹಿರಿಯರು ಹೇಳುತ್ತಾರೆ' ಎಂದು ತೇಲಿಸಿ ಬಿಡಬೇಡಿ. ಅಜ್ಜಿ ಹೇಳಿದ್ದಾದರೆ ಅವರ ಒಪ್ಪಿಗೆ ಪಡೆದು ಹೆಸರು, ಊರು, ಕೇಳಿದ ದಿನ ಬರೆಯಿರಿ. ಪುಸ್ತಕವಾದರೆ ಲೇಖಕರು, ಪುಸ್ತಕದ ಹೆಸರು, ಪ್ರಕಟವಾದ ವರ್ಷ, ಪುಟ. ದಾಖಲೆಯಾದರೆ ಯಾವ ವರ್ಷದ್ದು, ಎಲ್ಲಿದೆ. ಇಂಟರ್ನೆಟ್ಟಿನದಾದರೆ ವಿಳಾಸ ಮತ್ತು ನೋಡಿದ ದಿನಾಂಕ. ಬೇರೆಯವರ ಮಾತನ್ನು ಹಾಗೆಯೇ ತೆಗೆದುಕೊಂಡಿದ್ದರೆ ಉದ್ಧರಣ ಚಿಹ್ನೆಯೊಳಗಿಡಿ. ನಿಮ್ಮ ಮಾತಿನಲ್ಲಿ ಬರೆದರೂ ವಿಷಯ ಅವರದ್ದಾದರೆ ಅವರ ಹೆಸರು ಇರಲಿ.

ವಿಮಲೋದಯನ ಒಂದು ಸಾಲೂ ಉಳಿದಿಲ್ಲ, ಹೆಸರು ಉಳಿದಿದೆ. ನಮ್ಮ ಹಿರಿಯರ ಹೆಸರೂ ಮಾತೂ ಎರಡೂ ಉಳಿಯಲಿ. ಮುಂದಿನ ಸಂಚಿಕೆಗೆ ಬರೆಯಲು ಕುಳಿತಾಗ ನೆನಪಿರಲಿ.