ಶೇಷಣ್ಣನವರ ನಂತರ ಬಂದ ಗೌಹರ್ ಜಾನ್

ಮೈಸೂರಿನ ನಮ್ಮ ಕುವೆಂಪುನಗರದ ಗಾನಭಾರತಿ ಸಭೆಗೆ ಕಛೇರಿ ಕೇಳಲು ಹೋಗಿ ‘ವೀಣೆ ಶೇಷಣ್ಣ ಭವನ’ ಎಂಬ ಹೆಸರು ಓದಿದಾಗಲೆಲ್ಲ ನನಗೆ ಇನ್ನೊಬ್ಬರ ನೆನಪಾಗುತ್ತದೆ. ಅರಮನೆಯ ವೈಣಿಕರಾಗಿದ್ದ ಶೇಷಣ್ಣನವರು ತೀರಿಕೊಂಡದ್ದು 1926ರಲ್ಲಿ. ಎರಡು ವರ್ಷ ಕಳೆದು, 1928ರ ಆಗಸ್ಟ್ 1ರಂದು, ಮೈಸೂರು ಅರಮನೆಯ ಸಂಗೀತಗಾರರ ಸಾಲಿಗೆ ಕಲ್ಕತ್ತೆಯ ಗಾಯಕಿ ಗೌಹರ್ ಜಾನ್ ಸೇರಿದರು. ತಿಂಗಳಿಗೆ 500 ರೂಪಾಯಿ ಸಂಬಳ.

ಹುಟ್ಟುಹೆಸರು ಏಂಜಲಿನಾ ಯೋವರ್ಡ್, ಊರು ಆಜಂಗಢ, ಇಸವಿ 1873. ತಂದೆ ಆರ್ಮೇನಿಯನ್ ಮೂಲದವರು. ತಾಯಿಯ ತಂದೆ ಬ್ರಿಟಿಷರು, ತಾಯಿಯ ತಾಯಿ ಇಲ್ಲಿನ ಹೆಣ್ಣುಮಗಳು. ಗಂಡನಿಂದ ದೂರವಾದ ತಾಯಿ ಇಸ್ಲಾಮಿಗೆ ಸೇರಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು.

1902ರಲ್ಲಿ ಗೌಹರ್ ಗ್ರಾಮಫೋನ್ ಕಂಪನಿಗೆ ಹಾಡಿದರು. ಪ್ಲೇಟು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿನವರಿಗೆ ಗುರುತು ಸಿಗಲೆಂದು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಮರ್ಯಾದಸ್ಥ ಮನೆಯ ಹೆಂಗಸು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಗುರುತಾಗುತ್ತಿದ್ದ ಕಾಲ ಅದು!

ಹೀಗೆ ತಮ್ಮ ಹೆಸರನ್ನು ತಾವೇ ಸಾರಿದರೂ ಗೌಹರ್ ಜಾನ್ ಹೆಂಗಸರ ಮತದಾನದ ಹಕ್ಕಿಗಾಗಿ ಸಭೆ ಕಟ್ಟಿದವರಲ್ಲ. ಆ ಕೆಲಸ ಮಾಡಿದವರು ಮದರಾಸಿನಲ್ಲಿದ್ದ ಮಾರ್ಗರೆಟ್ ಕಸಿನ್ಸ್. ಅವರೂ ಸಂಗೀತ ಓದಿದವರೇ. 1917ರಲ್ಲಿ ಸರೋಜಿನಿ ನಾಯ್ಡು ಮುಂದಾಳಾಗಿ ಹೆಂಗಸರ ನಿಯೋಗವೊಂದು ಈ ಹಕ್ಕು ಕೇಳಲು ಭಾರತ ವ್ಯವಹಾರಗಳ ಬ್ರಿಟಿಷ್ ಮಂತ್ರಿ ಮಾಂಟೆಗು ಸಾಹೇಬರನ್ನು ಕಂಡು ಬಂತು. ನಮ್ಮ ಸಂಸ್ಥಾನದಲ್ಲಿ 1923ರ ಸುಧಾರಣೆಯಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಹೆಂಗಸರೂ ಮತ ಹಾಕಬಹುದೆಂದಾಯಿತು. ಆದರೆ ಆಗ ಮತಕ್ಕೆ ಆಸ್ತಿ, ಕಂದಾಯದಂಥ ಅರ್ಹತೆ ಬೇಕಿತ್ತು. ತನ್ನ ಹೆಸರಿನಲ್ಲೇ ಆಸ್ತಿಯಿದ್ದ ಹೆಂಗಸರು ಎಷ್ಟು ಮಂದಿ? ಹಾಡು ಕುಣಿತವೇ ವೃತ್ತಿಯಾಗಿದ್ದ ತವಾಯಫರು, ದೇವದಾಸಿಯರಲ್ಲಿ ಅಂಥವರಿದ್ದರು. ಗೌಹರ್ ಅಂತೂ ತಾಯಿಯ ಆಸ್ತಿಗಾಗಿ ಕಲ್ಕತ್ತೆಯ ಕೋರ್ಟಿನಲ್ಲಿ ಹೋರಾಡಿ ಗೆದ್ದವರು. ಅಂಥವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಸುಧಾರಕರೇ ಹಿಂಜರಿದರು ಎಂಬುದು ನನ್ನ ದೂರು. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರು ಮದರಾಸಿನಲ್ಲಿ ದೇವದಾಸಿಯರನ್ನು ಸೇರಿಸಿ ತಮ್ಮ ಪರವಾಗಿ ತಾವೇ ಅರ್ಜಿ ಬರೆಯಬೇಕಾಗಿ ಬಂತು.

ಮೈಸೂರಿಗೆ ಬರುವ ಹೊತ್ತಿಗೆ ಗೌಹರ್ ಸೋತಿದ್ದರು. ದುಡ್ಡು ಕೋರ್ಟಿನ ಪಾಲಾಗಿತ್ತು. ಇಲ್ಲಿ ಇದ್ದದ್ದು ಒಂದೂವರೆ ವರ್ಷ. 1930ರ ಜನವರಿ 17ರಂದು ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಕಣ್ಮುಚ್ಚಿದರು. ನಮ್ಮ ಬಡಾವಣೆಗೆ ಹೆಸರಾದ ಕವಿ ಕುವೆಂಪು ಆಗಿನ್ನೂ ಮಹಾರಾಜಾ ಕಾಲೇಜಿನ ಹೊಸ ಮೇಷ್ಟರು.