ಬಳ್ಳಾರಿ ಸೀಮೆಯ ಗುತ್ತಿಗೆ ಸಾಗುವಳಿ ಮತ್ತು ಸ್ಥಳೀಯ ಸಂಸ್ಥೆಗಳು

ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿ ಪರರ ಜಮೀನು ಹಿಡಿದು ಬೇಸಾಯ ಮಾಡುವ ಪದ್ಧತಿ ಬಹಳ ಹಳೆಯದು. ಕಾನೂನಿನ ಪುಸ್ತಕ ಇದನ್ನು ಗೇಣಿ ಎನ್ನುತ್ತದೆ. ಊರಿನವರು ಗುತ್ತಿಗೆ, ಪಾಲು, ಕೋರು ಎನ್ನುತ್ತಾರೆ. ಈ ಸಾಗುವಳಿದಾರರಿಗೆ ಊರ ಪಂಚಾಯಿತಿ, ತಾಲ್ಲೂಕು ಬೋರ್ಡು, ಜಿಲ್ಲಾ ಪರಿಷತ್ತುಗಳಿಂದ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದು ಈ ಲೇಖನದ ವಿಷಯ. ಎರಡು ಶತಮಾನಗಳ ಉದ್ದಕ್ಕೂ ಒಂದು ಸಂಗತಿ ಬದಲಾಗದೆ ಉಳಿದಿದೆ. ಕೆರೆ, ದಾರಿ, ಹುಲ್ಲುಗಾವಲುಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲಾಯಿತು. ಹೊಲ ಉಳುವವನು ಯಾರೆಂದು ಬರೆದಿಡುವ ಅಧಿಕಾರ ಮಾತ್ರ ಕಂದಾಯ ಇಲಾಖೆಯ ಕೈ ಬಿಟ್ಟು ಹೋಗಲಿಲ್ಲ. 1974ರ ನಂತರದ ಕೆಲವು ವರ್ಷಗಳಷ್ಟೇ ಇದಕ್ಕೆ ಅಪವಾದ.

ರೈತವಾರಿ ಮತ್ತು ಗ್ರಾಮಗುತ್ತಿಗೆ

ಹೈದರಾಬಾದಿನ ನಿಜಾಮ 1800ರಲ್ಲಿ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಎಂದು ಹೆಸರಾದ ಈ ಭಾಗಕ್ಕೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರಾಗಿ ಬಂದು 1807ರವರೆಗೆ ಇದ್ದ. ಪಾಳೆಗಾರರ ಬಲ ಮುರಿದು, ಹೊಲಹೊಲವನ್ನೂ ಅಳೆಸಿ, ಒಬ್ಬೊಬ್ಬ ರೈತನಿಗೂ ನೇರವಾಗಿ ಪಟ್ಟಾ ಕೊಟ್ಟು ಕಂದಾಯ ನಿಗದಿಪಡಿಸುವ ರೈತವಾರಿ ಪದ್ಧತಿ ಅವನ ಕೈಯಲ್ಲಿ ಇಲ್ಲಿ ಬೇರೂರಿತು. ಅವನು ಹೋದ ಮೇಲೆ ಮದ್ರಾಸಿನ ಕಂದಾಯ ಮಂಡಳಿ ಮನಸ್ಸು ಬದಲಿಸಿತು. ಇಡೀ ಹಳ್ಳಿಯನ್ನೇ ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ ಒಬ್ಬನಿಗೆ ಗುತ್ತಿಗೆ ಕೊಡುವ ಕ್ರಮ ಬಂತು. ಮಳೆ ಕೈಕೊಡುವ ಎರೆ ಸೀಮೆಯಲ್ಲಿ ಅದು ನಡೆಯಲಿಲ್ಲ. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರಾಗಿ ಮರಳಿ ಬಂದಾಗ ರೈತವಾರಿಯೂ ಮರಳಿತು.

ಈ ವ್ಯವಸ್ಥೆಯಲ್ಲಿ ಸರ್ಕಾರ ಮುಖ ಕೊಟ್ಟು ಮಾತಾಡುತ್ತಿದ್ದುದು ಪಟ್ಟಾದಾರನೊಂದಿಗೆ. ಅವನ ಹೊಲವನ್ನು ಪಾಲಿಗೆ ಉಳುವವನೊಂದಿಗೆ ಸರ್ಕಾರಕ್ಕೆ ಯಾವ ಲೆಕ್ಕವೂ ಇರಲಿಲ್ಲ. ಊರಿನ ಕರಣಂ ಬರೆಯುವ ಅಡಂಗಲ್‌ನಲ್ಲಿ ಯಾವ ಹೊಲದಲ್ಲಿ ಯಾವ ಬೆಳೆ ಎಂಬುದು ದಾಖಲಾಗುತ್ತಿತ್ತು, ಕಂದಾಯಕ್ಕೆ ಅಷ್ಟು ಸಾಕಿತ್ತು. 1883ರ ಭೂ ಅಭಿವೃದ್ಧಿ ಸಾಲದ ಕಾಯ್ದೆ, 1884ರ ಕೃಷಿಕರ ಸಾಲದ ಕಾಯ್ದೆಗಳ ಅಡಿಯಲ್ಲಿ ಕೊಡುತ್ತಿದ್ದ ತಕ್ಕಾವಿ ಸಾಲಕ್ಕೆ ಸಾಮಾನ್ಯವಾಗಿ ಜಮೀನಿನ ಭದ್ರತೆಯೇ ಆಧಾರ. 1876–78ರ ಬರದಲ್ಲಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಂಥ ಬರದ ನೆನಪಿನಲ್ಲೇ ರೂಪುಗೊಂಡ ಸಾಲದ ಕಾನೂನುಗಳು ಕೂಡ ಅಡವಿಡಲು ಭೂಮಿಯಿಲ್ಲದವನ ಬಾಗಿಲಿಗೆ ಬರಲಿಲ್ಲ.

ಬೋರ್ಡುಗಳ ಕಾಲ

1884ರ ಮದ್ರಾಸ್ ಸ್ಥಳೀಯ ಬೋರ್ಡುಗಳ ಕಾಯ್ದೆಯಿಂದ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ರೂಪುಗೊಂಡವು. ಕಂದಾಯದ ಜೊತೆಗೇ ವಸೂಲಾಗುವ ಭೂಸೆಸ್ಸು ಅವುಗಳ ಮುಖ್ಯ ವರಮಾನ. ರಸ್ತೆ, ಶಾಲೆ, ದವಾಖಾನೆ, ಛತ್ರ ಅವುಗಳ ಕೆಲಸ. ಅದೇ ಕಾಲದ ಇಂಗ್ಲೆಂಡಿನತ್ತ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ 1908ರ ಸಣ್ಣ ಹಿಡುವಳಿ ಕಾಯ್ದೆ ಕೌಂಟಿ ಕೌನ್ಸಿಲ್‌ಗಳಿಗೆ ಜಮೀನು ಕೊಂಡು ಸಣ್ಣ ರೈತರಿಗೆ ಗುತ್ತಿಗೆ ಕೊಡುವ ಹೊಣೆ ಹೊರಿಸಿತು. ಆ ಕೌಂಟಿ ಫಾರಂಗಳಲ್ಲಿ ಎಷ್ಟೋ ಈಗಲೂ ಉಳಿದಿವೆ. ಅದೇ ಸಾಮ್ರಾಜ್ಯ ಬಳ್ಳಾರಿಯ ಬೋರ್ಡಿಗೆ ಅಂಥ ಅಧಿಕಾರ ಕೊಡಲಿಲ್ಲ. ಭೂಮಿಯಿಂದ ಬಂದ ಸೆಸ್ಸನ್ನು ಖರ್ಚು ಮಾಡುವ ಹಕ್ಕು ಬೋರ್ಡಿಗಿತ್ತು, ಆ ಭೂಮಿಯ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ಇರಲಿಲ್ಲ.

ಕಾಲುವೆ ಬಂದ ಮೇಲೆ

ನೀರಾವರಿ ಸಿರುಗುಪ್ಪಕ್ಕೆ ಹೊಸದಲ್ಲ. ವಿಜಯನಗರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳು ತುಂಗಭದ್ರೆಯ ದಂಡೆಯ ಗದ್ದೆಗಳಿಗೆ ಅಣೆಕಟ್ಟು ಬರುವ ಎಷ್ಟೋ ಮುಂಚಿನಿಂದ ನೀರುಣಿಸುತ್ತಿದ್ದವು. ಆದರೆ ಒಳನಾಡಿನ ಎರೆ ಭೂಮಿ ಜೋಳ, ಹತ್ತಿ, ನವಣೆಯ ಸೀಮೆಯಾಗಿತ್ತು. 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿದ್ದ ತುಂಗಭದ್ರಾ ಜಲಾಶಯದಿಂದ 1953ರ ಜುಲೈಯಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಜಿಲ್ಲೆ ಹೋಳಾಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಸಿರುಗುಪ್ಪ ಸೇರಿ ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ವಿವಾದ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ಮುಂದೆ ಹೋಗಿ, ಅದೂ ಮೈಸೂರಿಗೇ ಸೇರಿತು.

ಬಲದಂಡೆಯ ಕೆಳಮಟ್ಟದ ಮತ್ತು ಮೇಲ್ಮಟ್ಟದ ಕಾಲುವೆಗಳು ಭೂಬಳಕೆಯನ್ನೇ ತಿರುಗಿಸಿದವು. ಯೋಜನೆಯ ಲೋಕಲೈಸೇಶನ್ ಪ್ರಕಾರ ಯಾವ ಸರ್ವೆ ನಂಬರಿಗೆ ಭತ್ತ, ಯಾವುದಕ್ಕೆ ಅರೆನೀರಾವರಿ ಬೆಳೆ ಎಂದು ಮೊದಲೇ ಗೊತ್ತುಪಡಿಸಲಾಗಿತ್ತು. ನೀರು ಕಣ್ಣೆದುರು ಹರಿಯುವಾಗ ಮೇಲ್ಭಾಗದ ರೈತರು ಭತ್ತವನ್ನೇ ಹಿಡಿದರು. ಕೊನೆಯಂಚಿನ ಹೊಲಗಳಿಗೆ ನೀರು ಮುಟ್ಟುವುದು ಅಂದಿನಿಂದ ಇಂದಿನವರೆಗೂ ತೀರದ ಜಗಳ. 133 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದದ್ದು ಆ ಜಗಳವನ್ನು ಇನ್ನಷ್ಟು ಬಿಗಿ ಮಾಡಿದೆ.

ಗುತ್ತಿಗೆಯ ಸ್ವರೂಪವೂ ಇದರೊಂದಿಗೆ ಬದಲಾಯಿತು. ಕರಾವಳಿ ಆಂಧ್ರದಿಂದ ಗದ್ದೆ ಬೇಸಾಯದ ಅನುಭವ, ಕೈಯಲ್ಲಿ ದುಡ್ಡು ಇದ್ದ ಕುಟುಂಬಗಳು ಬಂದು ಜಮೀನು ಕೊಂಡವು, ಗುತ್ತಿಗೆಗೂ ಹಿಡಿದವು. ಅವರ ನೆಲೆಗಳು ಇವತ್ತಿಗೂ ‘ಕ್ಯಾಂಪ್’ ಎಂಬ ಹೆಸರಿನಲ್ಲೇ ಊರುಗಳಾಗಿವೆ. ನೆಲ ಸಮ ಮಾಡಿ ಮಡಿ ಕಟ್ಟಲು ಬಂಡವಾಳವಿಲ್ಲದ ಎಷ್ಟೋ ಸ್ಥಳೀಯ ಸಣ್ಣ ಹಿಡುವಳಿದಾರರು ತಮ್ಮ ಹೊಲವನ್ನು ಗುತ್ತಿಗೆಗೆ ಬಿಟ್ಟು ಕೂಲಿಗೆ ನಿಂತರು. ಈ ಸೀಮೆಯಲ್ಲಿ ಗುತ್ತಿಗೆದಾರ ಎಂದರೆ ಬಡವ, ಮಾಲೀಕ ಎಂದರೆ ಸಾಹುಕಾರ ಎಂದು ಸರಳವಾಗಿ ಹೇಳಿಬಿಡಲು ಆಗದಿರುವುದು ಇದರಿಂದಲೇ. ಬೆಂಗಳೂರಿನಲ್ಲಿ ಬರೆದ ಕಾನೂನುಗಳು ಈ ಮಾತನ್ನು ಸಾಕಷ್ಟು ಗಮನಿಸಲಿಲ್ಲ ಎನ್ನಲೇಬೇಕು.

ಭೂನ್ಯಾಯ ಮಂಡಳಿ

ಬಿ.ಡಿ. ಜತ್ತಿ ಸಮಿತಿ 1957ರಲ್ಲಿ ಹಾಕಿದ ತಳಹದಿಯ ಮೇಲೆ 1961ರ ಭೂಸುಧಾರಣಾ ಕಾಯ್ದೆ ರೂಪುಗೊಂಡು 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಮಾಲೀಕರು ಜಮೀನು ಮರಳಿ ಪಡೆಯಲು ಅದರಲ್ಲಿ ದಾರಿಗಳಿದ್ದವು. ಆ ದಾರಿಗಳನ್ನು ಮುಚ್ಚಿದ್ದು ದೇವರಾಜ ಅರಸು ಸರ್ಕಾರದ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಕೇಳಬೇಕಾಯಿತು.

ಈ ತಿದ್ದುಪಡಿಯ ಜೀವಾಳ ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷ. ಸರ್ಕಾರ ನಾಮಕರಣ ಮಾಡಿದ ನಾಲ್ವರು ಅಧಿಕಾರೇತರ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಲಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ, ಸಿವಿಲ್ ನ್ಯಾಯಾಲಯ ತಲೆಹಾಕುವಂತಿರಲಿಲ್ಲ. ಯಾರ ಹೊಲವನ್ನು ಯಾರು ಉತ್ತರೆಂದು ಬಲ್ಲ ಸೀಮೆಯವರೇ ತೀರ್ಪಿನ ಕಟ್ಟೆಯಲ್ಲಿ ಕುಳಿತದ್ದು ಇದೇ ಮೊದಲು. ಚುನಾಯಿತರಲ್ಲದಿದ್ದರೂ, ಪಕ್ಷರಾಜಕೀಯದ ನೆರಳು ಬಿದ್ದಿದ್ದರೂ, ಈ ಮಂಡಳಿಗಳು ಗೇಣಿದಾರನ ಮಾತಿಗೆ ಸಾಕ್ಷ್ಯದ ಬೆಲೆ ತಂದುಕೊಟ್ಟವು. ಸ್ಥಳೀಯ ಸಂಸ್ಥೆಯೊಂದು ಗೇಣಿದಾರನಿಗೆ ನಿಜವಾಗಿ ನೆರವಾಯಿತು ಎಂದು ಈ ಜಿಲ್ಲೆಯ ಚರಿತ್ರೆಯಲ್ಲಿ ಧೈರ್ಯವಾಗಿ ಹೇಳಬಹುದಾದ ಉದಾಹರಣೆ ಇದೊಂದೇ.

ಅರ್ಜಿಯ ಕೊನೆಯ ಗಡುವು 1979ರ ಜೂನ್ 30. ರಾಜ್ಯದಲ್ಲಿ ಬಂದ ಅರ್ಜಿಗಳ ಸಂಖ್ಯೆ 8 ಲಕ್ಷ ದಾಟಿತು. ಅವುಗಳಲ್ಲಿ ದೊಡ್ಡ ಪಾಲು ಕರಾವಳಿ, ಮಲೆನಾಡಿನದು. ಅಲ್ಲಿ ಗೇಣಿಗೆ ಚೀಟಿ, ರಶೀದಿ, ತಲೆಮಾರಿನ ಗುರುತು ಇದ್ದವು. ರೈತವಾರಿ ಬಳ್ಳಾರಿಯಲ್ಲಿ ಗುತ್ತಿಗೆ ಬಹುಮಟ್ಟಿಗೆ ಬಾಯಿಮಾತಿನದು, ಯುಗಾದಿಯಿಂದ ಯುಗಾದಿಗೆ ಕೈ ಬದಲಾಗುವಂಥದು. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು ಇಲ್ಲದವನಿಗೆ ಮಂಡಳಿಯ ಮುಂದೆ ನಿಲ್ಲಲು ಸಾಕ್ಷಿಗಳ ಬಾಯಿಯೇ ಗತಿಯಾಗಿತ್ತು. 1986ರಲ್ಲಿ ಮೇಲ್ಮನವಿ ಪ್ರಾಧಿಕಾರಗಳು ಬಂದು, ವ್ಯಾಜ್ಯಗಳು ಮತ್ತೆ ವಕೀಲರ, ನ್ಯಾಯಾಲಯಗಳ ಹಾದಿ ಹಿಡಿದವು. ಗಡುವಿನೊಳಗೆ ಅರ್ಜಿ ಹಾಕದೆ ಉಳಿದವರಿಗಾಗಿ 1990ರ ದಶಕದ ಕೊನೆಯಲ್ಲಿ ನಮೂನೆ 7ಎ ಬಂತು.

ಬಾಯಿಮಾತಿನ ಗುತ್ತಿಗೆ

1974ರ ಕಾನೂನು ಹಳೆಯ ಗೇಣಿದಾರನಿಗೆ ಭೂಮಿ ಕೊಟ್ಟಿತು, ಹೊಸ ಗೇಣಿಯನ್ನು ನಿಷೇಧಿಸಿತು. ಸೈನಿಕರಂಥ ಕೆಲವರಿಗೆ ಬಿಟ್ಟರೆ ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವಂತಿಲ್ಲ. 2020ರಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದು ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ಬಾಗಿಲು ತೆರೆದಾಗಲೂ ಈ ನಿಷೇಧ ಹಾಗೆಯೇ ಉಳಿಯಿತು. ಹಣವಿದ್ದವನು ಹೊಲ ಕೊಳ್ಳಬಹುದು, ಹಣವಿಲ್ಲದವನು ಕಾಗದದ ಮೇಲೆ ಗುತ್ತಿಗೆ ಹಿಡಿಯುವಂತಿಲ್ಲ ಎಂಬ ಈ ಸ್ಥಿತಿ ಅನ್ಯಾಯದ್ದು.

ನಿಷೇಧವಿದ್ದರೂ ಗುತ್ತಿಗೆ ನಿಂತಿಲ್ಲ. ಸಿರುಗುಪ್ಪ, ತೆಕ್ಕಲಕೋಟೆ, ಹಚ್ಚೊಳ್ಳಿ ಕಡೆ ಭತ್ತದ ಗದ್ದೆಗೆ ಎಕರೆಗೆ ಇಂತಿಷ್ಟು ಚೀಲ ಎಂದೋ ಇಂತಿಷ್ಟು ನಗದು ಎಂದೋ ಮಾತಾಗುತ್ತದೆ. ಇಲ್ಲಿ ಭತ್ತದ ಚೀಲವೆಂದರೆ 75 ಕಿಲೋ. ಕುರುಗೋಡು, ಬಳ್ಳಾರಿ ಕಡೆಯ ಮೆಣಸಿನಕಾಯಿ, ಹತ್ತಿ ಹೊಲಗಳಿಗೆ ನೀರಿನ ಭರವಸೆ ನೋಡಿ ದರ. ಎರಡನೇ ಬೆಳೆಗೆ ನೀರು ಬಿಡುವ ತೀರ್ಮಾನ ನೀರಾವರಿ ಸಲಹಾ ಸಮಿತಿಯದು, ಆ ತೀರ್ಮಾನಕ್ಕೆ ಮುಂಚೆಯೇ ವರ್ಷದ ಗುತ್ತಿಗೆ ಒಪ್ಪಿಕೊಂಡವನಿಗೆ ನಷ್ಟದ ಭಾರ ಪೂರ್ತಿ ಅವನದೇ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಕಾಲುವೆ ಬಯಲಿನ ಊರುಗಳು ಬೆಚ್ಚಿದ್ದು ಇದೇ ಕಾರಣಕ್ಕೆ.

ಬ್ಯಾಂಕಿನ ಬೆಳೆಸಾಲ, ಬರ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲವೂ ಪಹಣಿ ಮತ್ತು ಅದಕ್ಕೆ ಜೋಡಿಸಿದ ಫ್ರೂಟ್ಸ್ ಎಂಬ ರೈತ ನೋಂದಣಿ ಸಂಖ್ಯೆಯ ಮೇಲೆ ನಡೆಯುತ್ತವೆ. 2019ರಿಂದ ಬಂದ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಜಮೀನಿರುವ ಕುಟುಂಬಕ್ಕೆ ಮಾತ್ರ. ಫಸಲ್ ಬಿಮಾ ನಿಯಮಗಳು ಪಾಲು ರೈತನನ್ನೂ ಒಳಗೊಳ್ಳುತ್ತವಾದರೂ, ಗುತ್ತಿಗೆಯೇ ಕಾನೂನುಬಾಹಿರವಾದ ಕಡೆ ಅವನು ತೋರಿಸುವ ದಾಖಲೆ ಯಾವುದು? ಹೀಗಾಗಿ ಗೊಬ್ಬರದ ಅಂಗಡಿಯ ಉದ್ರಿ, ದಲಾಲಿಯ ಮುಂಗಡವೇ ಅವನ ಬ್ಯಾಂಕು.

ಪಂಚಾಯಿತಿಯ ಕೈಯಲ್ಲಿರುವುದು

1983ರ ಕಾಯ್ದೆಯ ಮೇರೆಗೆ, ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಲ್ಲಿ, 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳು ಬಂದವು. 1993ರ ಪಂಚಾಯತ್ ರಾಜ್ ಕಾಯ್ದೆ ಈಗಿನ ಗ್ರಾಮ ಪಂಚಾಯಿತಿಗಳನ್ನು ತಂದಿತು. ಅದರ ಮೊದಲ ಅನುಸೂಚಿಯಲ್ಲಿ ಕೃಷಿ ಅಭಿವೃದ್ಧಿ, ಬಂಜರು ಭೂಮಿಯ ಸುಧಾರಣೆ, ಗೋಮಾಳಗಳ ರಕ್ಷಣೆ ಮತ್ತು ಅವು ಪರಭಾರೆಯಾಗದಂತೆ ತಡೆಯುವುದು ಗ್ರಾಮ ಪಂಚಾಯಿತಿಯ ಕೆಲಸವೆಂದೇ ಇದೆ. ಗೋಮಾಳದ ಒತ್ತುವರಿ ಸಕ್ರಮ ಮಾಡುವ ಬಗರ್‌ಹುಕುಂ ಅಧಿಕಾರ ಮಾತ್ರ ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಸಮಿತಿಗೆ ಹೋಯಿತು. ನಮೂನೆ 50, ಆಮೇಲೆ 53, 2018ರಲ್ಲಿ 57 ಹೀಗೆ ಅರ್ಜಿಗಳ ಸರದಿ ಬೆಳೆಯಿತು. ಸಕ್ರಮದ ತೀರ್ಮಾನದಲ್ಲಿ ಹುಲ್ಲುಗಾವಲು ಕಾಯಬೇಕಾದ ಪಂಚಾಯಿತಿಯ ಮಾತಿಗೆ ಬಲವಿಲ್ಲ.

ಉದ್ಯೋಗ ಖಾತರಿಯಲ್ಲಿ ಪಂಚಾಯಿತಿಗಳು ಒಳ್ಳೆಯ ಕೆಲಸ ಮಾಡಿವೆ. ಬದು, ಕೃಷಿಹೊಂಡ, ಹೊಲಗಾಲುವೆ ಹೂಳೆತ್ತುವುದು, ಇವೆಲ್ಲ ನೆಲಕ್ಕೆ ಬೇಕಾದವೇ. ಆದರೆ ಕೃಷಿಹೊಂಡ ಮಂಜೂರಾಗುವುದು ಪಹಣಿಯ ಹೆಸರಿಗೆ. ಗುತ್ತಿಗೆದಾರನಿಗೆ ಅದರಲ್ಲಿ ಸಿಗುವುದು ತಾನು ಉಳುವ ಹೊಲದಲ್ಲೇ ಕೂಲಿ. ಕುರುಗೋಡು ತಾಲ್ಲೂಕಾಗಿ ತಹಶೀಲ್ದಾರ್ ಕಚೇರಿ ಹತ್ತಿರ ಬಂದದ್ದರಿಂದ ಪಟ್ಟಾದಾರರ ಓಡಾಟ ತಗ್ಗಿತು, ಗುತ್ತಿಗೆದಾರನ ಹೆಸರು ಮಾತ್ರ ಅಲ್ಲೂ ದಾಖಲೆಗೆ ಬರಲಿಲ್ಲ.

ಬೇರೆಡೆ ಹಾಗಿಲ್ಲ. ಪಶ್ಚಿಮ ಬಂಗಾಳ 1978ರಿಂದ ಪಂಚಾಯಿತಿಗಳ ನೆರವಿನಲ್ಲಿ ಆಪರೇಷನ್ ಬರ್ಗಾ ನಡೆಸಿ 14 ಲಕ್ಷದಷ್ಟು ಪಾಲು ರೈತರ ಹೆಸರು ದಾಖಲಿಸಿತು. ಇನ್ನೂ ಹತ್ತಿರದ ಮಾದರಿ ಸಿರುಗುಪ್ಪದ ಗಡಿಗೆ ತಾಗಿಯೇ ಇದೆ. 1953ರವರೆಗೆ ಬಳ್ಳಾರಿಯದೇ ಆಗಿದ್ದ ಆದವಾನಿ, ಆಲೂರುಗಳ ಗುತ್ತಿಗೆದಾರರಿಗೆ ಆಂಧ್ರದ 2011ರ ಕಾಯ್ದೆ ಸಾಲ ಅರ್ಹತಾ ಕಾರ್ಡು ಕೊಟ್ಟಿತು. 2019ರ ಕಾಯ್ದೆ 11 ತಿಂಗಳ ಸಾಗುವಳಿದಾರರ ಹಕ್ಕುಪತ್ರ ತಂದಿತು. ಅದಕ್ಕೆ ಮಾಲೀಕನ ಒಪ್ಪಿಗೆ ಬೇಕೆಂಬ ಷರತ್ತು ದೊಡ್ಡ ತೊಡಕೇ ಹೌದು. ಆದರೂ ಮಾಲೀಕತ್ವಕ್ಕೆ ಧಕ್ಕೆಯಾಗದಂತೆ ಉಳುವವನ ಹೆಸರು ಬರೆಯಬಹುದು ಎಂಬುದಕ್ಕೆ ಅದು ಸಾಕ್ಷಿ. 2016ರಲ್ಲಿ ನೀತಿ ಆಯೋಗ ಮುಂದಿಟ್ಟ ಮಾದರಿ ಗುತ್ತಿಗೆ ಕಾಯ್ದೆಯ ಆಶಯವೂ ಅದೇ.

ಉಳುಮೆಯಿಂದ ಉಕ್ಕಿಗೆ

ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿ, ಹರಗಿನಡೋಣಿ, ವೇಣಿವೀರಾಪುರ, ಜಾನೆಕುಂಟೆ ಸುತ್ತಿನ ಸಾವಿರಾರು ಎಕರೆ ಜಮೀನನ್ನು 2010ರ ಆಸುಪಾಸಿನಲ್ಲಿ ಉಕ್ಕಿನ ಕಾರ್ಖಾನೆಗಳಿಗೆಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಸ್ವಾಧೀನಪಡಿಸಿಕೊಳ್ಳಲಾಯಿತು. ಕಾರ್ಖಾನೆ ಏಳಲಿಲ್ಲ, ಬೆಲೆ ಸಾಲದೆಂದು ರೈತರು 2022ರ ಕೊನೆಯಿಂದ ಕುಡತಿನಿಯಲ್ಲಿ ಧರಣಿ ಕುಳಿತರು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಪರಿಹಾರದ ಮಾತೆಲ್ಲ ಪಟ್ಟಾದಾರರದು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ನೆಲವನ್ನೇ ನಂಬಿದ್ದ ಗೇಣಿದಾರ, ಪಾಲು ರೈತ, ಕೃಷಿ ಕೂಲಿಗಳನ್ನೂ ಬಾಧಿತ ಕುಟುಂಬವೆಂದು ಒಪ್ಪುತ್ತದೆ. ಮುಂದಿನ ಸ್ವಾಧೀನಗಳಲ್ಲಿ ಆ ಮಾತು ಬಳಕೆಗೆ ಬರಬೇಕಾದರೆ ಮೂರು ವರ್ಷ ಉಳುಮೆ ಮಾಡಿದವರ ಪಟ್ಟಿಯೊಂದು ಊರಿನಲ್ಲಿ ಇರಬೇಕು. ಗ್ರಾಮಸಭೆಯಲ್ಲಿ ಓದಿ ಒಪ್ಪಿಸಿದ ಅಂಥ ಪಟ್ಟಿ ಇಡಲು ಪಂಚಾಯಿತಿಗಿಂತ ತಕ್ಕ ಸಂಸ್ಥೆ ಬೇರಿಲ್ಲ. ಅದನ್ನು ಸಾಕ್ಷ್ಯವೆಂದು ಒಪ್ಪುವ ಕಾನೂನು ಕರ್ನಾಟಕದಲ್ಲಿ ಇನ್ನೂ ಬಂದಿಲ್ಲ.