ನಾರು, ಅಂಟು ಮತ್ತು ಕಾಲ

ಕಳೆದ ದಸರೆಗೆ ಗೊಂಬೆಗಳನ್ನು ಜೋಡಿಸುವಾಗ ನಮ್ಮ ಕಿನ್ನಾಳದ ಗೌರಿಯ ತೋಳಿನ ಸಂದಿನಲ್ಲಿ ಸಣ್ಣ ಬಿರುಕು ಕಾಣಿಸಿತು. ಊರಿನಲ್ಲಿ ಮೂವತ್ತು ವರ್ಷ ಮುಕ್ಕಾಗದೆ ಇದ್ದ ಗೊಂಬೆ ಗುರುಗ್ರಾಮಕ್ಕೆ ಬಂದ ಆರನೆಯ ವರ್ಷಕ್ಕೇ ಹೀಗಾಯಿತಲ್ಲ ಎಂದು ಮನೆಯವರಿಗೆ ಬೇಸರ. ಬಿ.ಎಸ್ಸಿ. ಪಾಠಗಳು ಕಚೇರಿಯ ಕಡತಗಳ ನಡುವೆ ಮರೆತುಹೋಗಿದ್ದರೂ, ಕಾರಣ ಹುಡುಕಲು ಹೊರಟೆವು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಬಿಡಿಭಾಗಗಳನ್ನು ಕೂಡಿಸಿ ಗೊಂಬೆ ಮಾಡುತ್ತಾರೆ. ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಅಂಟಿನೊಡನೆ ಕಲಸಿದ 'ಕಿಟ್ಟ'ವನ್ನು ಸಂದುಗಳಿಗೆ ಮೆತ್ತುತ್ತಾರೆ. ನಾರು ಎಳೆತವನ್ನು ತಡೆಯುತ್ತದೆ, ಅಂಟು ನಾರನ್ನು ಹಿಡಿದಿಡುತ್ತದೆ. ಹುಲ್ಲು ಬೆರೆಸಿದ ಮಣ್ಣಿನ ಗೋಡೆಯ ಗುಟ್ಟೂ ಇದೇ.

ಪಾಶ್ಚಾತ್ಯರೂ ಇದೇ ಹಾದಿ ಹಿಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಯೂಮಿನಿಯಂ ಕೊರತೆಯಾದೀತೆಂಬ ಭಯದಿಂದ ಇಂಗ್ಲೆಂಡಿನಲ್ಲಿ ಅಗಸೆನಾರು ಮತ್ತು ಫೀನಾಲ್ ರಾಳದಿಂದ ಸ್ಪಿಟ್‌ಫೈರ್ ವಿಮಾನದ ಒಡಲನ್ನು ಪ್ರಯೋಗಾರ್ಥವಾಗಿ ತಯಾರಿಸಿದರು. ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಹೊರಮೈ ಹತ್ತಿಯ ನಾರು ಮತ್ತು ಅದೇ ಬಗೆಯ ರಾಳದ್ದು. 1957ರಿಂದ 1991ರವರೆಗೆ ಸುಮಾರು 30 ಲಕ್ಷ ಕಾರುಗಳು ಹೊರಬಂದವು.

ಹೊಸದರಲ್ಲಿ ಇವೆಲ್ಲ ಗಟ್ಟಿಯೇ. ನಿಜವಾದ ಪರೀಕ್ಷೆ ಮಾಡುವುದು ಕಾಲ. ಸಸ್ಯನಾರಿನ ಸೆಲ್ಯುಲೋಸ್ ನೀರನ್ನು ಸೆಳೆದುಕೊಳ್ಳುತ್ತದೆ. ತೇವದಲ್ಲಿ ನಾರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ವರ್ಷ ವರ್ಷವೂ ನಡೆದರೆ ನಾರಿಗೂ ಅಂಟಿಗೂ ಇರುವ ನಂಟು ಸಡಿಲವಾಗಿ ಬಿರುಕು ಮೂಡುತ್ತದೆ. ಸದಾ ಭಾರ ಹೊತ್ತ ಹಲಗೆ, ಮುರಿಯದಿದ್ದರೂ, ನಿಧಾನವಾಗಿ ಬಾಗುತ್ತದೆ. ತೇವವಿದ್ದರೆ ಇನ್ನೂ ಬೇಗ. ಸಿಮೆಂಟಿನಲ್ಲಿ ಬೆರೆಸಿದರೆ ಅದರ ಕ್ಷಾರವೇ ನಾರನ್ನು ತಿಂದು ಪೆಡಸುಗೊಳಿಸುತ್ತದೆ.

ಈ ಶತ್ರುವಿನೊಡನೆ ಸೆಣಸಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆಂಬುದು ಹೆಮ್ಮೆಯ ಸಂಗತಿ. 1962ರಲ್ಲಿ ಅಲ್ಲಿ ಆರಂಭವಾದ ಪ್ಲೈವುಡ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಹೆಣೆದ ಬಿದಿರಿನ ಚಾಪೆಗಳನ್ನು ಫೀನಾಲ್ ರಾಳದಲ್ಲಿ ಅದ್ದಿ, ಒಣಗಿಸಿ, ಕಾಯಿಸಿ ಒತ್ತಿ ಹಲಗೆ ಮಾಡುವ ವಿಧಾನ ರೂಪಿಸಿದರು. ಈ ರಾಳ ನೀರಿಗೆ ಸುಲಭವಾಗಿ ಸೋಲುವುದಿಲ್ಲ. ಮುಂದೆ ಛಾವಣಿಗೆ ಬಿದಿರಿನ ಸುಕ್ಕುತಗಡುಗಳೂ ಬಂದವು. ಹಲಗೆಗೆ 1994ರಲ್ಲಿ, ತಗಡಿಗೆ 2004ರಲ್ಲಿ ಭಾರತೀಯ ಮಾನಕಗಳು ಪ್ರಕಟವಾದವು. ಚಾಪೆ ಹೆಣೆಯುವ ಹಳ್ಳಿಯ ಕೈಗಳಿಗೂ ಇದರಿಂದ ಕೆಲಸವಾಯಿತು.

ಇನ್ನು ನಮ್ಮ ಗೌರಿಯ ವಿಷಯ. ಇಲ್ಲಿಯ ಮೇ ತಿಂಗಳ ಒಣ ಲೂ ಗಾಳಿ, ಜುಲೈಯ ಜಿಗುಟು ಸೆಕೆ ಎರಡೂ ಓದುಗರಿಗೆ ಗೊತ್ತು. ಸಾಲದೆಂಬಂತೆ ಗೊಂಬೆಯ ಕಪಾಟನ್ನು ನಾವು ಇಟ್ಟಿದ್ದುದು ಕೂಲರಿನ ಎದುರಿಗೇ! ಹಗಲೆಲ್ಲ ಬೆಂಕಿಗಾಳಿ, ರಾತ್ರಿಯೆಲ್ಲ ನೀರುಗಾಳಿ. ಆರು ಬೇಸಗೆ ಕಳೆಯುವಷ್ಟರಲ್ಲಿ ಕಿಟ್ಟ ಸೋತಿತು. ತಪ್ಪು ಚಿತ್ರಗಾರನದಲ್ಲ, ನಮ್ಮದು.

ಊರಿನಲ್ಲಿ ಅಜ್ಜಿ ಹಬ್ಬ ಮುಗಿದೊಡನೆ ಗೊಂಬೆಗಳನ್ನು ಹಳೆಯ ಹತ್ತಿಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಮಣ್ಣಿನ ಗೋಡೆಗೆ ಮಳೆಗಾಲದ ಮುಂಚೆ ತಪ್ಪದೆ ಸಾರಣೆಯಾಗುತ್ತಿತ್ತು. ಅದನ್ನೆಲ್ಲ ನಾವು ಬರಿಯ ಸಂಪ್ರದಾಯವೆಂದುಕೊಂಡಿದ್ದೆವು. ಊರಿನಿಂದ ಗೊಂಬೆಯನ್ನು ತಂದೆವು, ಅದನ್ನು ಕಾಪಾಡುವ ಕ್ರಮವನ್ನು ತರಲು ಮರೆತೆವು. ಈ ವರ್ಷ ಗೌರಿ ಹತ್ತಿಸೀರೆಯೊಳಗೆ ಬೆಚ್ಚಗಿದ್ದಾಳೆ. ನಿಮ್ಮ ಮನೆಯ ಗೊಂಬೆ ಎಲ್ಲಿದೆ, ಒಮ್ಮೆ ನೋಡಿ.